ಆಮೆಯ ಲೆಕ್ಕ

(ರಾಜ್ಯೋತ್ಸವದ ಅಂಗವಾಗಿ ಸಂಘದಲ್ಲಿ ನಡೆದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಉಪನ್ಯಾಸವೆಂದರೆ ನಾಡು, ನುಡಿ, ಕವಿ, ಶಾಸನ ಇವುಗಳನ್ನು ಕುರಿತೇ ಇರಬೇಕೆಂಬುದು ನಮ್ಮಲ್ಲಿ ಬೆಳೆದುಬಂದ ರೂಢಿ. ಅಂಥ ವಿಷಯಗಳ ಮೇಲೆ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಈ ಸಭೆಯಲ್ಲಿಯೇ ಅನೇಕರಿದ್ದಾರೆ. ನಾನಾದರೋ ಮೂವತ್ತನಾಲ್ಕು ವರ್ಷ ರೈಲ್ವೆಯ ಲೆಕ್ಕಪತ್ರ ಶಾಖೆಯಲ್ಲಿ ಅಂಕಿಗಳನ್ನು ಕೂಡಿಸಿ ಕಳೆದು ನಿವೃತ್ತನಾದವನು. ಮಾತಾಡಲೇಬೇಕೆಂದು ಕಾರ್ಯದರ್ಶಿಗಳು ಟೆಲಿಫೋನಿನಲ್ಲಿ ಒತ್ತಾಯ ಮಾಡಿ, ವಿಷಯವೇನೆಂದು ಕೇಳಿದಾಗ “ಆಮೆ” ಎಂದೆ. “ಆಮೇಲೆಯೇ? ಆಗಲಿ, ಆಮೇಲೆಯೇ ಹೇಳಿ. ಆದರೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಹೇಳಿ” ಎಂದರು. ನಾನು ಹೇಳಿದ್ದು ಆಮೇಲೆಯಲ್ಲ, ಬೆನ್ನ ಮೇಲೆ ಚಿಪ್ಪು ಹೊತ್ತ ನಾಲ್ಕು ಕಾಲಿನ ಆಮೆಯೆಂದು ಬಿಡಿಸಿ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆದರೂ ಬೇಡವೆನ್ನಲಿಲ್ಲ. ಅವರ ದಾಕ್ಷಿಣ್ಯಕ್ಕೆ ನಾನು ಋಣಿ.

ಈ ವಿಷಯ ನನಗೆ ಹತ್ತಿದ್ದು ಪುಸ್ತಕದಿಂದಲ್ಲ, ರಸ್ತೆಯಿಂದ. ಕೆಲವು ವರ್ಷಗಳ ಹಿಂದೆ ನವರಾತ್ರಿಯ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಮುಂಬಯಿಯಿಂದ ಕಾರಿನಲ್ಲಿ ಹಾವೇರಿ ಜಿಲ್ಲೆಯ ನಮ್ಮ ಊರಿಗೆ ಹೊರಟಿದ್ದೆವು. ಹೆದ್ದಾರಿ ಬಿಟ್ಟು ಊರ ದಾರಿ ಹಿಡಿದಾಗ ನಸುಕು ಹರಿಯುತ್ತಿತ್ತು. ರಾತ್ರಿ ಒಳ್ಳೆಯ ಮಳೆಯಾಗಿತ್ತು. ನಮ್ಮ ಊರು ಮುಟ್ಟುವುದಕ್ಕೆ ಒಂದು ಹರದಾರಿ ಮೊದಲು ದೊಡ್ಡದೊಂದು ಕೆರೆ. ದಾರಿ ಅದರ ಏರಿಯ ಮೇಲೆಯೇ ಹೋಗುತ್ತದೆ. ನಾನು ಹುಡುಗನಾಗಿದ್ದಾಗ ಅದು ಎರಡು ಚಕ್ಕಡಿ ಎದುರುಬದುರಾದರೆ ಒಂದು ನಿಲ್ಲಬೇಕಾದ ಮಣ್ಣಿನ ದಾರಿ. ಈಗ ಅಗಲವಾದ ಡಾಂಬರು ರಸ್ತೆ. ಬಸ್ಸು, ಲಾರಿ, ಟ್ರಾಕ್ಟರು, ಮೋಟಾರು ಸೈಕಲ್ಲು ರಾತ್ರಿ ಹಗಲೆನ್ನದೆ ಓಡುತ್ತವೆ. ಅದರಿಂದ ಊರಿಗೆ ಉಪಕಾರವಾಗಿಲ್ಲವೆಂದು ನಾನು ಹೇಳಲಾರೆ. ಬಸುರಿ ಹೆಣ್ಣುಮಕ್ಕಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹೋಗಿ ದಾರಿಯಲ್ಲಿಯೇ ಕಳೆದುಕೊಂಡ ಕಾಲವನ್ನು ನಾನು ಕಂಡವನು.

ಏರಿಯ ತುದಿಯಲ್ಲಿ ಚಹದ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿದೆವು. ಹತ್ತು ಮಾರು ದೂರದಲ್ಲಿ ರಸ್ತೆಯ ಮೇಲೆ ಒಂದು ಆಮೆ ಬಿದ್ದಿತ್ತು. ಗಾಲಿ ಹಾಯ್ದು ಚಿಪ್ಪು ಹೋಳಾಗಿತ್ತು. ಒಡಲಿನಿಂದ ಬಿಳಿಯ ದುಂಡು ತತ್ತಿಗಳು ಹೊರಬಿದ್ದು ಡಾಂಬರಿನ ಮೇಲೆ ಒಡೆದಿದ್ದವು. ಒಂಬತ್ತು ವರ್ಷದ ನನ್ನ ಮೊಮ್ಮಗಳು, ತಾಯಿ ಕೈಹಿಡಿದು ಎಳೆದರೂ ಬಿಡದೆ, ಅಲ್ಲಿಯೇ ನಿಂತು ನೋಡಿದಳು.

“ಅಜ್ಜಾ, ಇದು ಎಲ್ಲಿಗೆ ಹೊಂಟಿತ್ತು?”

“ತತ್ತಿ ಇಡಾಕ ಹೊಂಟಿತ್ತವ್ವಾ.”

“ಇಂಥಾವು ಎಷ್ಟು ಸಾಯ್ತಾವು?”

ನನಗೆ ಉತ್ತರ ಹೊಳೆಯಲಿಲ್ಲ. ಚಹದ ಅಂಗಡಿಯವನನ್ನು ಕೇಳಿದೆ. ಅವನು ಹಾಲು ಕಾಸುತ್ತ, “ಮಳಿ ಆದ ದಿನಾ ಇರ್ತಾವ್ರೀ ಸಾಹೇಬ್ರ. ಯಾರು ಎಣಸ್ತಾರ್ರೀ ಅದನ್ನ?” ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಲೆಕ್ಕದಲ್ಲಿಯೇ ತಲೆ ನರೆಸಿಕೊಂಡ ನನಗೆ ಆ ಮಾತು ಚುಚ್ಚಿತು. ಯಾರು ಎಣಿಸುತ್ತಾರೆ? ಎಣಿಸಿದರೆ ಆಗುವುದೇನು? ಮುಂಬಯಿಗೆ ಮರಳಿದ ಮೇಲೆ ಇದನ್ನೇ ಹುಡುಕುತ್ತ ಹೋದೆ. ಎಣಿಸಿದವರು ಇದ್ದಾರೆ, ಎಣಿಸಿದ್ದರಿಂದ ಆದದ್ದೂ ಇದೆ. ಅದನ್ನೇ ತಮ್ಮ ಮುಂದೆ ಇಡಬೇಕೆಂದು ಇಂದು ನಿಂತಿದ್ದೇನೆ.

ಮೊದಲು ತಮ್ಮನ್ನು ಸ್ವಲ್ಪ ದೂರ, ಅಮೇರಿಕೆಯ ಫ್ಲಾರಿಡಾ ಸಂಸ್ಥಾನಕ್ಕೆ ಕರೆದೊಯ್ಯುತ್ತೇನೆ. ಅದರ ರಾಜಧಾನಿ ಟಾಲಹಾಸಿ. ಆ ಊರಿನ ಹತ್ತಿರ ಜಾಕ್ಸನ್ ಸರೋವರವೆಂಬ ದೊಡ್ಡ ಕೆರೆಯಿದೆ. ಅದರ ಒಂದು ಕೈಯನ್ನು ಕತ್ತರಿಸಿದಂತೆ, ೨೭ನೆಯ ನಂಬರಿನ ಹೆದ್ದಾರಿ ನಾಲ್ಕು ಸಾಲು ವಾಹನಗಳನ್ನು ಹೊತ್ತು ನಡುವೆ ಹಾಯ್ದುಹೋಗಿದೆ. ರಸ್ತೆಯ ಒಂದು ಬದಿಗೆ ದೊಡ್ಡ ಕೆರೆ, ಇನ್ನೊಂದು ಬದಿಗೆ ಅದರದೇ ತುಂಡಾದ ಸಣ್ಣ ಕೆರೆ. ಈ ಜಾಕ್ಸನ್ ಸರೋವರಕ್ಕೆ ಒಂದು ವಿಚಿತ್ರ ಸ್ವಭಾವವುಂಟು. ಅದರ ತಳದ ಸುಣ್ಣಕಲ್ಲಿನಲ್ಲಿ ಬಿಲಗಳಿವೆ. ಬರಗಾಲ ಬಿದ್ದು ನೆಲದೊಳಗಿನ ನೀರು ಇಳಿದಾಗ ಕೆರೆಯ ನೀರು ಆ ಬಿಲಗಳ ಮೂಲಕ ಪಾತಾಳಕ್ಕೆ ಇಳಿದುಹೋಗುತ್ತದೆ. ೧೯೯೯ರ ಸೆಪ್ಟೆಂಬರಿನಲ್ಲಿ ಹಾಗೆಯೇ ಆಯಿತು. ನೀರು ಹೋದ ಮೇಲೆ ಆಮೆಗಳು ಏನು ಮಾಡಬೇಕು? ಆಚೆಯ ಸಣ್ಣ ಕೆರೆಯಲ್ಲಿ ನೀರಿತ್ತು. ಅವು ಅತ್ತ ಹೊರಟವು. ನಡುವೆ ಹೆದ್ದಾರಿ.

೨೦೦೦ದ ಫೆಬ್ರುವರಿಯಲ್ಲಿ ಮ್ಯಾಥ್ಯೂ ಅರೆಸ್ಕೊ ಎಂಬ ವಿದ್ಯಾರ್ಥಿ ಆ ದಾರಿಯಲ್ಲಿ ಹೋದ. ಫ್ಲಾರಿಡಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಸಂಶೋಧನೆಯಲ್ಲಿ ತೊಡಗಿದ್ದವನು. ಸುಮಾರು ಅರ್ಧ ಕಿಲೋಮೀಟರು ದಾರಿಯಲ್ಲಿ ತೊಂಬತ್ತು ಸತ್ತ ಆಮೆಗಳನ್ನು ಅವನು ಕಂಡ. ನಾವಾಗಿದ್ದರೆ ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಿದ್ದೆವು. ಮನೆಗೆ ಬಂದು ಊಟದ ಹೊತ್ತಿನಲ್ಲಿ ಇನ್ನೊಮ್ಮೆ ಅಯ್ಯೋ ಪಾಪ ಎನ್ನುತ್ತಿದ್ದೆವು. ಅವನು ನಿಂತು ಎಣಿಸಿದ. ಮರುದಿನ ಬಂದು ಎಣಿಸಿದ. ಯಾವ ಜಾತಿಯದು, ಗಂಡೋ ಹೆಣ್ಣೋ, ರಸ್ತೆಯ ಯಾವ ಸಾಲಿನಲ್ಲಿ ಸತ್ತಿತು ಎಂದೆಲ್ಲ ಬರೆದುಕೊಂಡ. ಆಮೇಲೆ, ಕಟ್ಟಡ ಕಟ್ಟುವಲ್ಲಿ ಕೆಸರು ಹರಿಯದಂತೆ ನೆಲಕ್ಕೆ ಹೂಳಿ ನಿಲ್ಲಿಸುವ ಬಟ್ಟೆಯ ಬೇಲಿ ಇರುತ್ತದಲ್ಲ, ಅದನ್ನು ರಸ್ತೆಯ ಇಬ್ಬದಿಗೂ ಕಟ್ಟಿದ. ಬೇಲಿಗೆ ಬಂದು ತಡೆದು ನಿಂತ ಆಮೆಗಳನ್ನು ಬುಟ್ಟಿಗಳಲ್ಲಿ ಹೊತ್ತು ಆಚೆಯ ನೀರಿಗೆ ಬಿಟ್ಟ. ಹಾಗೆ ಬಿಡುವಾಗಲೂ ಒಂದೊಂದನ್ನೂ ಎಣಿಸಿದ. ಇದು ಒಂದು ವಾರದ ಉತ್ಸಾಹವಲ್ಲ, ಅನೇಕ ವರ್ಷಗಳ ದುಡಿಮೆ.

ಆ ಲೆಕ್ಕದ ಪುಸ್ತಕ ಏನು ಹೇಳಿತು? ಬೇಲಿ ಹಾಕುವ ಮೊದಲು ಒಂದು ಕಿಲೋಮೀಟರಿಗೆ ದಿನಕ್ಕೆ ಸರಾಸರಿ ೧೧.೯ ಆಮೆಗಳು ಸಾಯುತ್ತಿದ್ದವು. ಬೇಲಿ ಹಾಕಿದ ಮೇಲೆ ಅದು ೦.೦೯ಕ್ಕೆ ಇಳಿಯಿತು, ಎಂದರೆ ದಿನಕ್ಕೆ ಹನ್ನೆರಡು ಸಾಯುತ್ತಿದ್ದಲ್ಲಿ ಹನ್ನೊಂದು ದಿನಕ್ಕೆ ಒಂದು. ಬೇಲಿಗೆ ಬಂದ ೮,೪೭೫ ಆಮೆಗಳಲ್ಲಿ ಅದನ್ನು ಹತ್ತಿಯೋ ನುಸುಳಿಯೋ ಪಾರಾದವು ೮೪ ಮಾತ್ರ. ಆಮೆಯಷ್ಟೇ ಅಲ್ಲ, ಕಪ್ಪೆ ಹಾವುಗಳೂ ಕೂಡಿ, ಸತ್ತವು ಬದುಕಿದವು ಸೇರಿ, ೪೪ ಜಾತಿಗಳ ೧೦,೨೨೯ ಜೀವಗಳು ಅವನ ಲೆಕ್ಕಕ್ಕೆ ಬಂದವು. ಬೇಲಿಗೆ ಮೊದಲು ಸತ್ತ ೩೪೩ ಆಮೆಗಳಲ್ಲಿ ನೂರಕ್ಕೆ ತೊಂಬತ್ತೈದು ರಸ್ತೆಯ ಅಂಚಿಗೆ ಕಾಲಿಟ್ಟೊಡನೆಯೇ ಸತ್ತಿದ್ದವು. ಉಳಿದವೂ ಮೊದಲ ಎರಡು ಸಾಲು ದಾಟಿರಲಿಲ್ಲ. ೧೯೭೭ರಲ್ಲಿ ಆ ರಸ್ತೆಗೆ ಇಳಿದ ಆಮೆ ಆಚೆ ದಡ ಮುಟ್ಟುವ ಸಂಭವ ನೂರಕ್ಕೆ ೩೨ ಇತ್ತು. ೨೦೦೧ರ ಹೊತ್ತಿಗೆ ವಾಹನಗಳು ಹೆಚ್ಚಿ ಅದು ನೂರಕ್ಕೆ ಎರಡಕ್ಕೆ ಇಳಿದಿತ್ತೆಂದು ಅವನು ಗಣಿತ ಹಾಕಿ ತೋರಿಸಿದ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸ್ಥಿತಪ್ರಜ್ಞನ ಲಕ್ಷಣ ಹೇಳುವಾಗ ಗೀತೆ ಆಮೆಯನ್ನೇ ಉಪಮೆಯಾಗಿ ತರುತ್ತದೆ. ಅಂಗಗಳನ್ನೆಲ್ಲ ಒಳಗೆ ಎಳೆದುಕೊಂಡು ನಿಶ್ಚಲವಾಗಿರುವುದು ಅದರ ಸ್ವಭಾವ. ಇಪ್ಪತ್ತು ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲದಿಂದ ಆಮೆಗಳು ಈ ಭೂಮಿಯ ಮೇಲಿವೆ. ಇಷ್ಟು ಕಾಲವೂ ಆ ಚಿಪ್ಪು, ಆ ನಿಶ್ಚಲತೆ ಅವುಗಳನ್ನು ಕಾಯ್ದವು. ನರಿ ಬಂದರೂ ಹದ್ದು ಬಂದರೂ ಒಳಗೆ ಸೇರಿ ಸುಮ್ಮನಿದ್ದರೆ ಸಾಕಾಗಿತ್ತು. ಲಾರಿಯ ಎದುರಿಗೂ ಅದು ಅದನ್ನೇ ಮಾಡುತ್ತದೆ. ಯಾವ ವಿವೇಕ ಅದನ್ನು ಅಷ್ಟು ಕಾಲ ಉಳಿಸಿತೋ ಅದೇ ರಸ್ತೆಯ ಮೇಲೆ ಅದರ ಮೃತ್ಯು. ಆದುದರಿಂದ ಆಮೆ ಎಂದಾದರೊಂದು ದಿನ ರಸ್ತೆಯ ರೀತಿ ಕಲಿತೀತು ಎಂದು ನಾವು ಕಾಯ್ದು ಕೂರುವಂತಿಲ್ಲ. ರಸ್ತೆಯೇ ಆಮೆಯ ರೀತಿಯನ್ನು ಕಲಿಯಬೇಕು.

ಜಾಕ್ಸನ್ ಸರೋವರದ ರಸ್ತೆ ಅದನ್ನು ಕಲಿಯಿತು. ಆದರೆ ಹತ್ತು ವರ್ಷ ಹಿಡಿಯಿತು. ಇಬ್ಬದಿಗೂ ಆಮೆ ಹತ್ತಲಾರದ ಗಿಡ್ಡ ಗೋಡೆ, ರಸ್ತೆಯ ಅಡಿಯಲ್ಲಿ ಹಾಯ್ದುಹೋಗಲು ಮೋರಿಗಳು. ಇಷ್ಟೇ ಆ ಯೋಜನೆ. ಅದಕ್ಕೆ ಸುಮಾರು ೩೪ ಲಕ್ಷ ಡಾಲರು ಬೇಕಾಯಿತು. ೨೦೦೯ರಲ್ಲಿ ಸೆನೆಟರ್ ಟಾಮ್ ಕೋಬರ್ನ್ ಎಂಬವರು ಸರಕಾರಿ ಹಣ ಪೋಲಾಗುವ ಕೆಲಸಗಳ ಪಟ್ಟಿ ಮಾಡಿ, ಅದರಲ್ಲಿ ಈ ಆಮೆಯ ಸುರಂಗವನ್ನೂ ಸೇರಿಸಿದರು. ದೇಶವೆಲ್ಲ ನಕ್ಕಿತು. ಲೆಕ್ಕಪತ್ರ ಶಾಖೆಯವನಾದ ನನಗೆ ಸೆನೆಟರರ ಮೇಲೆ ಸಿಟ್ಟಿಲ್ಲ. ಖರ್ಚನ್ನು ಪ್ರಶ್ನಿಸುವವರು ಇರಲೇಬೇಕು. ಆದರೆ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತೆಂಬುದು ಮುಖ್ಯ. ಎಷ್ಟು, ಎಲ್ಲಿ, ಯಾವಾಗ, ಬೇಲಿಯಿಂದ ಎಷ್ಟು ಉಳಿದವು ಎಂಬುದಕ್ಕೆ ವರ್ಷಗಟ್ಟಲೆಯ ಪುಸ್ತಕ ಎದುರಿಗಿತ್ತು. ೨೦೧೦ರಲ್ಲಿ ಕೆಲಸ ಮುಗಿಯಿತು. ಮರುಕವೊಂದೇ ಇದ್ದಿದ್ದರೆ ಆ ನಗೆಯಲ್ಲಿ ಕೊಚ್ಚಿಹೋಗುತ್ತಿತ್ತು. ನಮ್ಮ ಕಚೇರಿಯಲ್ಲಿ ಒಬ್ಬ ಹಿರಿಯ ಗುಮಾಸ್ತರು ಹೇಳುತ್ತಿದ್ದರು: ಪುಸ್ತಕದಲ್ಲಿ ಇಲ್ಲದ್ದಕ್ಕೆ ಒಂದು ಕಾಸೂ ಮಂಜೂರಾಗದು. ಆಮೆಯ ವಿಷಯದಲ್ಲಿಯೂ ಅದೇ ನಿಜ.

ಇನ್ನು, ದಿನಕ್ಕೆ ನಾಲ್ಕು ಆಮೆ ಸತ್ತರೆ ಅಂಥ ಮಹಾ ಏನಾಯಿತು, ತತ್ತಿಗಳನ್ನು ಇಡುತ್ತಲೇ ಇರುತ್ತವಲ್ಲ ಎಂದು ತಾವು ಕೇಳಬಹುದು. ನಾನೂ ಕೇಳಿದ್ದೆ. ಇದಕ್ಕೆ ಉತ್ತರ ಅಮೇರಿಕೆಯ ಮಿಷಿಗನ್ ಸಂಸ್ಥಾನದಲ್ಲಿದೆ. ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಕಾಯ್ದಿಟ್ಟ ಕಾಡಿನಲ್ಲಿ ೧೯೫೦ರ ದಶಕದಿಂದ ಆಮೆಗಳನ್ನು ಹಿಡಿದು, ಚಿಪ್ಪಿನ ಅಂಚಿಗೆ ಗುರುತು ಮಾಡಿ, ಬಿಟ್ಟು, ಮತ್ತೆ ಮತ್ತೆ ಹಿಡಿದು ಲೆಕ್ಕ ಇಟ್ಟಿದ್ದಾರೆ. ಬ್ಲಾಂಡಿಂಗನ ಆಮೆಯೆಂಬ ಜಾತಿಯ ಒಂದು ಹೆಣ್ಣಿಗೆ ೧೯೫೪ರಲ್ಲಿ ಗುರುತು ಹಾಕಿದ್ದರು. ಅದೇ ಆಮೆ ೨೦೧೬ರಲ್ಲಿ ಮತ್ತೆ ಸಿಕ್ಕಿತು. ಆಗ ಅದಕ್ಕೆ ಕಡಿಮೆಯೆಂದರೂ ೮೩ ವರ್ಷ. ಕರ್ನಾಟಕದ ಏಕೀಕರಣಕ್ಕೆ ಎರಡು ವರ್ಷ ಮೊದಲೇ ಆ ಹೆಣ್ಣಿನ ಹೆಸರು ಪುಸ್ತಕದಲ್ಲಿ ಸೇರಿತ್ತು. ಏಕೀಕರಣದ ವಜ್ರಮಹೋತ್ಸವ ಆದ ವರ್ಷವೂ ಅದು ಬದುಕಿತ್ತು! ಗುರುತು ಹಾಕಿದ ಕೈಗಳು ಬದಲಾದರೂ ಪುಸ್ತಕ ಮುಂದುವರಿದದ್ದರಿಂದ ನಮಗೆ ಇದು ತಿಳಿಯಿತು.

ಈ ಜಾತಿಯ ಹೆಣ್ಣು ಮೊದಲ ಸಲ ತತ್ತಿ ಇಡುವುದಕ್ಕೆ ಹದಿನಾಲ್ಕರಿಂದ ಇಪ್ಪತ್ತು ವರ್ಷ ಬೇಕು. ಇಟ್ಟ ತತ್ತಿಗಳಲ್ಲಿ ಬಹುಭಾಗ ನರಿ, ರಕೂನುಗಳ ಪಾಲು. ಮರಿಯಾದವುಗಳಲ್ಲಿಯೂ ದೊಡ್ಡವಾಗುವವು ಕೆಲವೇ. ಎಲ್ಲ ಜಾತಿಯ ಆಮೆಗಳೂ ಇಷ್ಟು ನಿಧಾನವಲ್ಲ. ಆದರೆ ಸಾಮಾನ್ಯವಾಗಿ ಆಮೆಯ ಸಂಸಾರ ನಿಂತಿರುವುದು ಹೀಗೆಯೇ, ದೊಡ್ಡವಾದವು ಬಹುಕಾಲ ಬದುಕಿ ವರ್ಷ ವರ್ಷವೂ ತತ್ತಿಯಿಡುವುದರ ಮೇಲೆ. ನಮ್ಮ ಶಾಖೆಯ ಭಾಷೆಯಲ್ಲಿ ಹೇಳುವುದಾದರೆ ದೊಡ್ಡ ಹೆಣ್ಣಾಮೆ ಅಸಲು, ಮರಿಗಳು ಬಡ್ಡಿ. ಬಡ್ಡಿಯ ದರ ತೀರ ಕಡಿಮೆ. ರಸ್ತೆ ನುಂಗುವುದು ಬಡ್ಡಿಯನ್ನಲ್ಲ, ಅಸಲನ್ನು. ಗಿಬ್ಸ್ ಮತ್ತು ಶ್ರೈವರ್ ಎಂಬ ಇಬ್ಬರು ವಿಜ್ಞಾನಿಗಳು ೨೦೦೨ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಸಹಜವಾಗಿ ಸಾಯುವವುಗಳ ಮೇಲೆ ವರ್ಷಕ್ಕೆ ನೂರಕ್ಕೆ ಎರಡು ಮೂರು ದೊಡ್ಡ ಆಮೆಗಳು ಹೆಚ್ಚಾಗಿ ಸತ್ತರೂ ಸಾಕು, ಬಹುತೇಕ ಜಾತಿಗಳು ಅದನ್ನು ತಾಳಲಾರವು. ಕೆರೆಯಲ್ಲಿ ಇನ್ನೂ ಆಮೆ ಕಾಣಿಸುತ್ತಲೇ ಇರುತ್ತದೆ; ಆದರೆ ಮನೆತನ ಮುರಿದಿರುತ್ತದೆ. ಮುದುಕರಷ್ಟೇ ಉಳಿದ ಹಳ್ಳಿಯ ಹಾಗೆ ಅದು. ಅಂಥ ಹಳ್ಳಿಗಳನ್ನು ನಮ್ಮಂಥ ಪರಸ್ಥಳದವರಿಗೆ ವರ್ಣಿಸಿ ಹೇಳಬೇಕಾಗಿಲ್ಲ.

ಅಷ್ಟೇ ಅಲ್ಲ. ನೀರಿನ ಆಮೆಗಳಲ್ಲಿ ನೆಲಕ್ಕೆ ಹೆಚ್ಚಾಗಿ ಬರುವವಳು ಹೆಣ್ಣು. ತತ್ತಿಯನ್ನು ನೀರಿನಲ್ಲಿ ಇಡಲಾಗದು. ಬಿಸಿಲು ಬೀಳುವ ಒಣ ಮಣ್ಣು ಬೇಕು. ಹೆರಿಗೆಗೆ ತವರಿಗೆ ಹೊರಟ ಮಗಳಂತೆ ಅವಳು ಒಡಲ ಭಾರ ಹೊತ್ತು ನೀರು ಬಿಟ್ಟು ಹೊರಡುತ್ತಾಳೆ. ರಸ್ತೆಯ ಬದಿಯ ಸಡಿಲು ಮಣ್ಣು ಅವಳಿಗೆ ಬಹಳ ಹಿಡಿಸುತ್ತದೆ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಟೀನ್ ಮತ್ತು ಗಿಬ್ಸ್ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುತ್ತ ರಸ್ತೆಗಳು ಹೆಚ್ಚಾಗಿರುವ ಕೊಳಗಳಲ್ಲಿ ಗಂಡಾಮೆಗಳ ಪ್ರಮಾಣವೇ ಹೆಚ್ಚಾಗಿ ಕಂಡಿತು. ಹೆಣ್ಣುಗಳು ಎಲ್ಲಿ ಹೋದವೆಂದು ಬೇರೆ ಹೇಳಬೇಕೆ? ನಮ್ಮ ಏರಿಯ ಮೇಲೆ ನನ್ನ ಮೊಮ್ಮಗಳು ಕಂಡದ್ದು ಇದನ್ನೇ.

ಎಣಿಸುವುದರಿಂದ ನಮ್ಮ ಭ್ರಮೆಯೂ ಹರಿಯುತ್ತದೆ. ಕೆನಡಾ ದೇಶದಲ್ಲಿ ಈರಿ ಸರೋವರದ ದಂಡೆಗೆ ಲಾಂಗ್ ಪಾಯಿಂಟ್ ಎಂಬ ಸ್ಥಳವಿದೆ. ಜೌಗಿನ ನಡುವೆ ೩.೬ ಕಿಲೋಮೀಟರು ಉದ್ದದ ಏರಿಯ ದಾರಿ. ೧೯೭೯, ೧೯೮೦, ೧೯೯೨, ೧೯೯೩ ಈ ನಾಲ್ಕು ವರ್ಷಗಳಲ್ಲಿ ಅಲ್ಲಿ ಎಣಿಸಿದ ಸತ್ತ ಪ್ರಾಣಿಗಳು ೩೨,೦೦೦ಕ್ಕೂ ಮೇಲೆ, ಹೆಚ್ಚಿನವು ಕಪ್ಪೆಗಳು. ಇದೆಲ್ಲ ಅರಿಯದೆ ಆಗುವ ಅಪಘಾತವೆಂದು ಎಲ್ಲರೂ ತಿಳಿದಿದ್ದರು. ಕೆಲವು ಸಂಶೋಧಕರು ರಸ್ತೆಯ ನಡುಗೆರೆಯ ಹತ್ತಿರ ಸುಳ್ಳು ಆಮೆ, ಸುಳ್ಳು ಹಾವುಗಳನ್ನೂ, ಹೋಲಿಕೆಗೆಂದು ಒಂದು ಬರಿಯ ಲೋಟವನ್ನೂ ಇಟ್ಟು ಕಾಯ್ದರು. ನೂರಕ್ಕೆ ೨.೭ರಷ್ಟು ಚಾಲಕರು ಬೇಕೆಂದೇ ಗಾಲಿ ತಿರುಗಿಸಿ ಆ ಆಮೆ ಹಾವುಗಳ ಮೇಲೆ ಹಾಯಿಸಿದರು! ೨೦೦೭ರಲ್ಲಿ ಇದು ಪ್ರಕಟವಾಯಿತು. ಆದರೆ ಅದೇ ಪ್ರಯೋಗದಲ್ಲಿ ಗಾಡಿ ನಿಲ್ಲಿಸಿ, ಇಳಿದು, ಪ್ರಾಣಿಯನ್ನು ಬದಿಗೆ ಇಡಲು ಬಂದವರೂ ಇದ್ದರು. ಮನುಷ್ಯರು ಕೆಟ್ಟವರು ಎಂದೂ ಒಳ್ಳೆಯವರು ಎಂದೂ ಸಾರಾಸಗಟಾಗಿ ಹೇಳುವುದು ಸುಲಭ. ಎಣಿಸಿ ಹೇಳುವುದು ಕಷ್ಟ.

ಆ ಲಾಂಗ್ ಪಾಯಿಂಟಿನ ಜನ ೨೦೦೬ರಿಂದ ಕೂಡಿ ದುಡಿದರು. ಬೇಲಿ ಹಾಕಿದರು, ರಸ್ತೆಯ ಅಡಿಯಲ್ಲಿ ಮೋರಿಗಳನ್ನು ಕೂಡಿಸಿದರು, ಹಾಕಿದ ಮೇಲೂ ಎಣಿಸಿದರು. ಬೇಲಿ ಪೂರ್ತಿಯಾಗಿದ್ದ ಭಾಗದಲ್ಲಿ ರಸ್ತೆಗೆ ಬರುವ ಆಮೆಗಳು ನೂರಕ್ಕೆ ೮೯ರಷ್ಟು ಕಡಿಮೆಯಾದವು. ಬೇಲಿ ಅರ್ಧಂಬರ್ಧವಾಗಿದ್ದಲ್ಲಿ ಪ್ರಯೋಜನ ಅತ್ಯಲ್ಪ. ಅದೇ ಒಂಟಾರಿಯೋ ಪ್ರಾಂತದ ಬರ್ವಾಶ್ ಎಂಬಲ್ಲಿ ಇನ್ನೊಂದು ಹೆದ್ದಾರಿಗೆ ಬೇಲಿಯನ್ನೂ ಕೆಳದಾರಿಯನ್ನೂ ಮಾಡಿದರು. ಎಣಿಸಿ ನೋಡಿದರೆ ಸಾವು ಕಡಿಮೆಯಾಗಿರಲಿಲ್ಲ! ಬೇಲಿಯಲ್ಲಿ ಕಂಡಿಗಳಿದ್ದವು. ಕಂಡಿಯಿಂದ ಒಳಬಂದ ಪ್ರಾಣಿ ಹೊರಹೋಗಲಾರದೆ ರಸ್ತೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬೇಲಿ ಹಾಕಿ, ಉದ್ಘಾಟನೆ ಮಾಡಿ, ಹಾರ ಹಾಕಿಸಿಕೊಂಡು ಮನೆಗೆ ಹೋಗಿದ್ದರೆ ಈ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ. ೨೦೧೫ರಲ್ಲಿ ಆ ಸಂಶೋಧಕರು ತಮ್ಮ ಕಣ್ಣೆದುರಿನ ಸೋಲನ್ನು ಮುಚ್ಚದೆ ಪ್ರಕಟಿಸಿದರು. ಸೋಲನ್ನು ಜಮಾಖರ್ಚಿನಲ್ಲಿ ತೋರಿಸುವ ಪ್ರಾಮಾಣಿಕತೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಇನ್ನು ನಮ್ಮ ನಾಡಿಗೆ ಬರೋಣ. ಕಾಡುಪ್ರಾಣಿಗಳಿಗಾಗಿ ರಸ್ತೆಯನ್ನು ತಿದ್ದುವ ಕೆಲಸ ನಮ್ಮಲ್ಲಿ ಆಗಿಯೇ ಇಲ್ಲವೆಂದರೆ ಅದು ಅಪಚಾರ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯಲ್ಲಿ ೨೦೦೯ರಲ್ಲಿ ರಾತ್ರಿಯ ವಾಹನ ಸಂಚಾರವನ್ನು ನಿಲ್ಲಿಸಿದರು. ೨೦೧೦ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಾವಿರುವ ಮಹಾರಾಷ್ಟ್ರದಲ್ಲಿಯೇ, ಪೇಂಚ್ ಕಾಡಿನ ೪೪ನೆಯ ನಂಬರಿನ ಹೆದ್ದಾರಿಯನ್ನು ಅಗಲ ಮಾಡುವಾಗ ಪ್ರಾಣಿಗಳು ಅಡಿಯಲ್ಲಿ ಹಾಯುವಂತೆ ಒಂಬತ್ತು ಕಡೆ ರಸ್ತೆಯನ್ನೇ ಮೇಲೆತ್ತಿ ಕಟ್ಟಿದರು. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಅಲ್ಲಿ ಕ್ಯಾಮರಾಗಳನ್ನಿಟ್ಟು ಎಣಿಸಿದರು. ಹುಲಿಗಳು ಆ ದಾರಿಯಲ್ಲಿ ಹಾಯ್ದುಹೋದದ್ದು ಚಿತ್ರಗಳಲ್ಲಿ ದಾಖಲಾಗಿದೆ. ಇವು ಆನೆಗೆ, ಹುಲಿಗೆ ದೊರೆತ ಗೌರವ. ದೊರೆಯಬೇಕಾದದ್ದೇ. ಆದರೆ ಆಮೆಯಿರುವುದು ಅಭಯಾರಣ್ಯದಲ್ಲಿ ಮಾತ್ರವಲ್ಲ. ಅದು ನಮ್ಮ ಕೆರೆ, ನಮ್ಮ ಗದ್ದೆ, ನಮ್ಮ ಕಾಲುವೆಗಳ ಒಕ್ಕಲು. ಕೆರೆ ಬತ್ತಿದಾಗ, ಮಳೆ ಬಿದ್ದಾಗ, ತತ್ತಿಯಿಡುವಾಗ ಅದು ದಾರಿಗೆ ಇಳಿಯುತ್ತದೆ. ಕುರುಚಲು ಕಾಡಿನ ನಕ್ಷತ್ರ ಆಮೆಗೂ ಇದೇ ಗತಿ. ಹುಲಿ ಸತ್ತರೆ ಪತ್ರಿಕೆಯಲ್ಲಿ ಬರುತ್ತದೆ. ಆಮೆ ಸತ್ತರೆ ಕಾಗೆ ಬರುತ್ತದೆ.

ನಮ್ಮಿಂದ ಆಗುವುದೇನು? ಇಲ್ಲಿರುವ ಕುಟುಂಬಗಳಲ್ಲಿ ವರ್ಷಕ್ಕೆ ಒಮ್ಮೆಯಾದರೂ ರಸ್ತೆಯ ದಾರಿಯಿಂದ ಊರಿಗೆ ಹೋಗದವರು ಕಡಿಮೆ. ಸೋಲಾಪುರದ ಮೇಲೆ ವಿಜಯಪುರ, ಕಲಬುರಗಿಗೆ ಹೋಗುವವರು, ಕೊಲ್ಲಾಪುರದ ಮೇಲೆ ಬೆಳಗಾವಿ, ಧಾರವಾಡಕ್ಕೆ ಹೋಗುವವರು, ಕೊಂಕಣದ ದಾರಿ ಹಿಡಿದು ಕಾರವಾರ, ಉಡುಪಿಗೆ ಹೋಗುವವರು, ಹೀಗೆ ನಮ್ಮ ಜನ ಎಷ್ಟೋ ಸಾವಿರ ಮೈಲಿ ರಸ್ತೆಯನ್ನು ಪ್ರತಿವರ್ಷ ನೋಡುತ್ತಾರೆ. ನೋಡಿದ್ದನ್ನು ಬರೆದಿಡಬಾರದೆ? ತಾರೀಖು, ಹೊತ್ತು, ಸ್ಥಳ, ಕಿಲೋಮೀಟರು ಕಲ್ಲಿನ ಅಂಕಿ, ಯಾವ ಪ್ರಾಣಿ, ಸತ್ತದ್ದೋ ಬದುಕಿದ್ದೋ, ಹತ್ತಿರ ನೀರಿತ್ತೋ ಇಲ್ಲವೋ, ಮಳೆಯಾಗಿತ್ತೋ ಇಲ್ಲವೋ. ಇಷ್ಟು ಸಾಕು. ವಾಹನವನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಲು ಬಂದರೆ ಮೊಬೈಲಿನಲ್ಲಿ ಒಂದು ಚಿತ್ರ. ಐನ್ಯಾಚುರಲಿಸ್ಟಿನಂಥ ಸಾರ್ವಜನಿಕ ದಾಖಲೆಗೆ ಅದನ್ನು ಸೇರಿಸಿದರೆ ಪ್ರಾಣಿಯ ಜಾತಿಯನ್ನು ಬಲ್ಲವರು ಹೇಳುತ್ತಾರೆ, ಸ್ಥಳವೂ ನಕ್ಷೆಯಲ್ಲಿ ಉಳಿಯುತ್ತದೆ. ಒಂದೇ ದಾರಿಯನ್ನು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ನೋಡಿದರೆ ಇನ್ನೂ ಒಳ್ಳೆಯದು. ಏನೂ ಕಾಣದ ದಿನವನ್ನೂ ಬರೆಯಬೇಕು. ಸೊನ್ನೆಯೂ ಒಂದು ಅಂಕಿಯೇ.

ಬದುಕಿದ ಆಮೆ ಕಂಡರೆ ಮಾಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಮೊದಲು ನಿಮ್ಮ ಜೀವ ನೋಡಿಕೊಳ್ಳಿರಿ. ಹೆದ್ದಾರಿಯ ನಡುವೆ ಯಾರೂ ಸಾಹಸ ಮಾಡಬಾರದು, ಮಕ್ಕಳಂತೂ ಕೂಡದು. ದಾರಿ ನಿಶ್ಶಬ್ದವಾಗಿದ್ದರೆ ಚಿಪ್ಪನ್ನು ಹಿಂಬದಿಯಿಂದ ಎರಡೂ ಕೈಯಲ್ಲಿ ಹಿಡಿದು, ಅದರ ಮುಖ ಯಾವ ಕಡೆಗಿತ್ತೋ ಆ ಕಡೆಯ ಅಂಚಿಗೆ ಇಟ್ಟುಬಿಡಿ. ಮೆದು ಚಿಪ್ಪಿನ ಕೆರೆಯಾಮೆ ಕುತ್ತಿಗೆ ಚಾಚಿ ಕಚ್ಚೀತು, ಎಚ್ಚರ. ಬಂದ ಕಡೆಗೇ ಇಟ್ಟ ಆಮೆ ಮತ್ತೆ ರಸ್ತೆಗೆ ಇಳಿಯುತ್ತದೆ. ಚಂದ ಕಂಡಿತೆಂದು, ಮನೆಗೆ ಶುಭವೆಂದು ತರಬೇಡಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ನಕ್ಷತ್ರ ಆಮೆಯ ಕಳ್ಳವ್ಯಾಪಾರ ಎಷ್ಟು ಬೆಳೆದಿದೆಯೆಂದರೆ ೨೦೧೯ರಲ್ಲಿ ರಾಷ್ಟ್ರಗಳೆಲ್ಲ ಸೇರಿ ಅದನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಏರಿಸಿದವು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಂಡದ್ದನ್ನು ಕೊಳ್ಳುವವರೇ ಇಲ್ಲದಿದ್ದರೆ ಹಿಡಿಯುವವರೂ ಇರುವುದಿಲ್ಲ.

ಕಡೆಯದಾಗಿ ನಮ್ಮ ಏರಿಯ ಸಂಗತಿ. ನನ್ನ ತಮ್ಮನ ಮಗ ದಿನಾ ನಸುಕಿನಲ್ಲಿ ಹಾಲಿನ ಡೇರಿಗೆ ಆ ಏರಿಯ ಮೇಲೆ ಹೋಗುವವನು. ಅವನಿಗೆ ಒಂದು ನೋಟುಬುಕ್ಕು ಕೊಟ್ಟು ಬರೆದಿಡಲು ಹೇಳಿದೆ. ಮೊದಲು ನಕ್ಕ, ಆಮೇಲೆ ಬರೆದ. ತಿಂಗಳಿಗೊಮ್ಮೆ ಪುಟದ ಚಿತ್ರ ತೆಗೆದು ಕಳಿಸುತ್ತಾನೆ. ಅದನ್ನು ಓದಿ ಪಟ್ಟಿ ಮಾಡುವ ಕೆಲಸವನ್ನು ನನ್ನ ಮೊಮ್ಮಗಳು ವಹಿಸಿಕೊಂಡಿದ್ದಾಳೆ. ಅವನ ಬರವಣಿಗೆ ಕನ್ನಡದಲ್ಲಿ. ಈ ಊರಿನ ಇಂಗ್ಲಿಷ್ ಶಾಲೆಯಲ್ಲಿ ಕಲಿಯುವ ಹುಡುಗಿಗೆ ‘ಕೋಡಿ’, ‘ತೂಬು’, ‘ಹುಣಸಿಗಿಡದ ಹತ್ರ’ ಎಂಬುವುಗಳ ಅರ್ಥ ಕೇಳಿ ಕೇಳಿ ಬರೆದುಕೊಳ್ಳಬೇಕಾಯಿತು. ನಾಲ್ಕು ವರ್ಷ ಬಾಲಬೋಧೆ ತಂದುಕೊಟ್ಟು ನಾನು ಸಾಧಿಸದೆ ಹೋದದ್ದನ್ನು ಆ ನೋಟುಬುಕ್ಕು ಸಾಧಿಸಿತು.

ಎರಡು ಮಳೆಗಾಲದ ಪುಟಗಳನ್ನು ಕೂಡಿಸಿ ನೋಡಿದಾಗ ಒಂದು ಸಂಗತಿ ಹೊರಬಿತ್ತು. ಅಷ್ಟುದ್ದದ ಏರಿಯ ಮೇಲೆ ಸಾವುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ, ಕೋಡಿಯ ಹತ್ತಿರದ ಸ್ವಲ್ಪ ದೂರದಲ್ಲಿ. ಅಲ್ಲಿ ರಸ್ತೆಯ ಅಡಿಯಲ್ಲಿ ಹಳೆಯ ಕಾಲದ ಒಂದು ಮೋರಿಯಿದೆ. ರಸ್ತೆ ಅಗಲ ಮಾಡುವಾಗ ಮಣ್ಣು ತುಂಬಿ ಮುಚ್ಚಿಹೋಗಿದೆ. ಅದನ್ನು ಬಿಡಿಸಿ, ಇಬ್ಬದಿಗೂ ಮೊಣಕಾಲೆತ್ತರದ ಕಲ್ಲಿನ ಗೋಡೆ ಹಾಕಿದರೆ ಸಾಕಾದೀತೆಂದು ನನ್ನ ಅಂದಾಜು. ಸಂಬಂಧಪಟ್ಟ ಕಚೇರಿಗೆ ಪಟ್ಟಿ, ನಕ್ಷೆಗಳೊಡನೆ ಅರ್ಜಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಬರದಿದ್ದರೆ ಊರವರೇ ಅನುಮತಿ ಪಡೆದು ಮೋರಿಯ ಮಣ್ಣನ್ನಾದರೂ ತೆಗೆಯುವುದೆಂದು ಮಾತಾಗಿದೆ. ಅದೂ ಫಲಿಸೀತೋ ಇಲ್ಲವೋ ಎಂಬುದನ್ನು ನೋಟುಬುಕ್ಕೇ ಹೇಳಬೇಕು. ಹುಡುಗ ಬರೆಯುವುದನ್ನು ನಿಲ್ಲಿಸಿಲ್ಲ.

ಮೊಮ್ಮಗಳು ಅಂದು ಕೇಳಿದ ಎರಡನೆಯ ಪ್ರಶ್ನೆಗೆ, ಆ ಒಂದು ಏರಿಯ ಮಟ್ಟಿಗೆ, ನಮ್ಮಲ್ಲಿ ಈಗ ಉತ್ತರವಿದೆ. ನಿಮ್ಮ ನಿಮ್ಮ ಊರ ಕೆರೆಯ ಏರಿಯ ಉತ್ತರವನ್ನು ನೀವು ಬರೆಯಬೇಕು. ಮುಂದಿನ ದೀಪಾವಳಿಗೆ ಊರಿಗೆ ಹೊರಡುವಾಗ ಚಕ್ಕುಲಿಯ ಡಬ್ಬಿಯ ಜೊತೆಗೆ ಒಂದು ನೋಟುಬುಕ್ಕು, ಒಂದು ಪೆನ್ಸಿಲು ಇಟ್ಟುಕೊಳ್ಳಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.